12345654321: ಮಹಾವೀರಾಚಾರ್ಯರ ಈ ಹಾರ ‘ಪರಿಪೂರ್ಣ ಸಂಖ್ಯೆ’ ಹೌದೋ ಅಲ್ಲವೋ?

ದ್ರಾಕ್ಷಿ ಲೆಕ್ಕ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ. ರಾಷ್ಟ್ರಕೂಟರ ಕಾಲದ ಗಣಿತಜ್ಞ ಮಹಾವೀರಾಚಾರ್ಯರು ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ಬರುವ 12345654321 ಅನ್ನೋ ಸಂಖ್ಯೆ ಕೊಟ್ಟಿದ್ದಾರೆ, ಅದು ‘ಪರಿಪೂರ್ಣ ಸಂಖ್ಯೆ’, ಎಲ್ಲರಿಗೂ ಕಳಿಸಿ ಅಂತ. ನಾನು ಒಣದ್ರಾಕ್ಷಿ ಅಂಗಡಿಯಲ್ಲಿ ಖಾತೆ ಬರೆಯುವವನು. ತಾಳೆ ನೋಡದೆ ಏನನ್ನೂ ಮುಂದಕ್ಕೆ ದಾಟಿಸುವ ಅಭ್ಯಾಸ ಇಲ್ಲ.

ಅಂಗಡಿ ಕ್ಯಾಲ್ಕುಲೇಟರ್ ಹನ್ನೆರಡು ಅಂಕಿಯದು, ಈ ಸಂಖ್ಯೆ ಹನ್ನೊಂದು ಅಂಕಿಯದು. ಹಿಡಿಸಿತು. ವರ್ಗಮೂಲದ ಗುಂಡಿ ಒತ್ತಿದರೆ 111111 ಬಂತು. ದಶಮಾಂಶದ ಚುಕ್ಕಿ ಇಲ್ಲ, ಬಾಲ ಇಲ್ಲ. ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿದರೆ ಇನ್ನೂ ಚೆಂದ: 12,34,56,54,321. ಅಂದ್ರೆ 1234 ಕೋಟಿ 56 ಲಕ್ಷ 54 ಸಾವಿರದ 321.

ಪರಿಪೂರ್ಣ ಅಂದರೆ ಏನು ಅಂತ ಗೊತ್ತಿದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ಆ ಸಂಖ್ಯೆಯೇ ಬರಬೇಕು. 6 ಅಂದರೆ 1+2+3. 28 ಅಂದರೆ 1+2+4+7+14. ಆದರೆ ಇಷ್ಟು ದೊಡ್ಡದರ ಭಾಜಕ ಬರೆಯುತ್ತಾ ಹೋದರೆ ಹಾಳೆ ಮುಗಿಯುತ್ತದೆ, ಪಟ್ಟಿ ಮುಗಿಯುವುದಿಲ್ಲ. ಸುಲಭದ ದಾರಿ ಇದೆಯಾ?

ಟಿಳಕವಾಡಿ ಕೋಡರ್, ಬೆಳಗಾವಿ

ಪೈಥಾನ್‌ನಲ್ಲಿ ಹಾಕಿ ನೋಡಿದೆ ಅಣ್ಣಾ. ಒಟ್ಟು 243 ಭಾಜಕ. ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 13029870672. ಸಂಖ್ಯೆಗಿಂತ ಜಾಸ್ತಿ. ಪರಿಪೂರ್ಣ ಅಲ್ಲ. ಮುಗೀತು.

ಜಮಖಂಡಿ ಮಾಸ್ತರ್

ಎಲ್ಲಿ ಮುಗೀತು ತಮ್ಮಾ, ಈಗ ಶುರು. ಮಷಿನ್ ಹೇಳಿದ್ದು ಉತ್ತರ ಮಾತ್ರ. ಪರಿಪೂರ್ಣ ಅಲ್ಲ ಅನ್ನೋದನ್ನು ಭಾಜಕ ಒಂದನ್ನೂ ಕೂಡದೆ, ಕ್ಯಾಲ್ಕುಲೇಟರ್ ಮುಟ್ಟದೆ ಹೇಳಬಹುದು.

ನೋಡಿ. ಇದು ವರ್ಗ ಸಂಖ್ಯೆ. ಯಾವುದೇ ಸಂಖ್ಯೆಯ ಭಾಜಕಗಳು ಜೋಡಿಯಾಗಿ ಬರುತ್ತವೆ. 3 ಭಾಗಿಸಿದರೆ ಅದರ ಜೊತೆಗಾರ ಒಂದು ಇರುತ್ತದೆ, 7ಕ್ಕೆ ಇನ್ನೊಂದು. ವರ್ಗ ಸಂಖ್ಯೆಯಲ್ಲಿ ಮಾತ್ರ ವರ್ಗಮೂಲಕ್ಕೆ ಜೊತೆಗಾರ ಅದೇ. ಇಲ್ಲಿ 111111 ಒಂಟಿ. ಹಾಗಾಗಿ ಭಾಜಕಗಳ ಎಣಿಕೆ ಬೆಸ. ಇನ್ನು ಸಂಖ್ಯೆಯೇ ಬೆಸ ಆದ್ದರಿಂದ ಅದರ ಭಾಜಕಗಳೆಲ್ಲ ಬೆಸ. ಬೆಸಗಳನ್ನು ಬೆಸ ಸಲ ಕೂಡಿದರೆ ಮೊತ್ತವೂ ಬೆಸ. ಈಗ ಪರಿಪೂರ್ಣ ಆಗಬೇಕಾದರೆ ತನ್ನನ್ನೂ ಸೇರಿಸಿ ಬರುವ ಒಟ್ಟು ಮೊತ್ತ ಸಂಖ್ಯೆಯ ಎರಡರಷ್ಟಿರಬೇಕು, ಅಂದರೆ ಸಮ. ಬೆಸ ಎಂದಾದರೂ ಸಮ ಆಗುತ್ತದಾ? ಇಲ್ಲ. ಆಯಿತು.

ಈ ಒಂದೇ ಮಾತಿನಲ್ಲಿ ಜಗತ್ತಿನ ಎಲ್ಲ ಬೆಸ ವರ್ಗಗಳೂ ಪರಿಪೂರ್ಣದ ಪಟ್ಟಿಯಿಂದ ಹೊರಗೆ ಬಿದ್ದವು. 9, 25, 49 ಎಲ್ಲ. ಮೆಸೇಜ್ ಬರೆದವರಿಗೆ ಇದನ್ನು ಕಳಿಸಿ.

ದ್ರಾಕ್ಷಿ ಲೆಕ್ಕ, ವಿಜಯಪುರ

ಮಾಸ್ತರ್ರೇ, ಇದು ತಲೆಗೆ ಹತ್ತಿತು. ಆದರೆ 243 ಅನ್ನೋದು ಹೇಗೆ ಬಂತು? ಅದನ್ನೂ ಕೈಯಲ್ಲೇ ಮಾಡಬಹುದಾ?

ಜಮಖಂಡಿ ಮಾಸ್ತರ್

ಮಾಡಬಹುದು. ಮೊದಲು 111111 ಒಡೆಯಿರಿ. 111 × 1001. 111 ಅಂದರೆ 3 × 37. 1001 ಅಂದರೆ 7 × 11 × 13. ಐದು ಅವಿಭಾಜ್ಯಗಳು. ವರ್ಗ ಮಾಡಿದರೆ ಪ್ರತಿಯೊಂದೂ ಎರಡು ಸಲ ಬರುತ್ತದೆ.

ಒಂದು ಭಾಜಕ ಕಟ್ಟಬೇಕಾದರೆ 3 ಅನ್ನು ಬಿಡಬಹುದು, ಒಮ್ಮೆ ತಗೊಳ್ಳಬಹುದು, ಎರಡು ಸಲ ತಗೊಳ್ಳಬಹುದು. ಮೂರು ದಾರಿ. 7ಕ್ಕೂ ಮೂರು, 11ಕ್ಕೂ ಮೂರು, ಹೀಗೇ. 3×3×3×3×3 = 243.

ಮೊತ್ತಕ್ಕೂ ಇದೇ ಉಪಾಯ. (1+3+9) × (1+7+49) × (1+11+121) × (1+13+169) × (1+37+1369). ಈ ಕಂಸಗಳನ್ನು ಬಿಡಿಸಿದರೆ 243 ಭಾಜಕಗಳೂ ಒಂದೊಂದೇ ಸಲ ಹೊರಗೆ ಬರುತ್ತವೆ. ಹಾಗಾಗಿ ಗುಣಿಸಿದರೆ ಸಾಕು: 13 × 57 × 133 × 183 × 1407 = 25375524993. ಎರಡರಷ್ಟು ಅಂದರೆ 24691308642. ಮಿಕ್ಕಿದ್ದು 68,42,16,351. ಬೆಸ ಬಂತು ನೋಡಿ, ಮೊದಲೇ ಹೇಳಿದ ಹಾಗೆ.

ನವನಗರ ಟೀಚರ್, ಬಾಗಲಕೋಟೆ

ಮಾಸ್ತರ್ ಸರ್, ಒಂದು ವಿಷಯ ನನಗೆ ಆಶ್ಚರ್ಯ. ಮಿಗುವ ಸಂಖ್ಯೆಗಳು (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಸಂಖ್ಯೆಗಿಂತ ಹೆಚ್ಚು ಬರುವಂಥವು) ಅಂತ ನಾವು ಮಕ್ಕಳಿಗೆ 12, 18, 20, 24 ತೋರಿಸುತ್ತೇವೆ. ಎಲ್ಲ ಸಮ. ಬೆಸದಲ್ಲಿ ಮಿಗುವುದು ಅಪರೂಪ ಅಲ್ವಾ?

ಜಮಖಂಡಿ ಮಾಸ್ತರ್

ಅಪರೂಪವೇ ಅಕ್ಕಾರೇ. ಬೆಸಗಳಲ್ಲಿ ಮೊದಲು ಮಿಗುವುದು 945. ಅಲ್ಲಿಯವರೆಗಿನ ಬೆಸಗಳೆಲ್ಲ ಕೊರತೆಯವು. 945 ಅಂದರೆ 27 × 5 × 7, ಭಾಜಕಗಳ ಒಟ್ಟು ಮೊತ್ತ 1920, ಬೇಕಾದದ್ದು 1890. ಮೂವತ್ತು ಮಿಕ್ಕಿತು. ಸಣ್ಣ ಬೆಸ ಮಿಗತೆಗಳಲ್ಲಿ 3 ಮತ್ತು 5 ಎರಡೂ ಇರುತ್ತವೆ. 5 ಇಲ್ಲದೆ ಮಿಗಬೇಕಾದರೆ 81081ರವರೆಗೆ ಕಾಯಬೇಕು. 3 ಇಲ್ಲದೆ ಮಿಗಬೇಕಾದರೆ 5391411025ರವರೆಗೆ.

ನಮ್ಮ ಹಾರದಲ್ಲಿ 5 ಇಲ್ಲ. ಆದರೂ ಮಿಗುತ್ತದೆ. ಇದೇ ನನಗೆ ಇಷ್ಟವಾದದ್ದು.

ಟಿಳಕವಾಡಿ ಕೋಡರ್, ಬೆಳಗಾವಿ

ಇನ್ನೊಂದು ತಮಾಷೆ. 111111 ಮಾತ್ರ ನೋಡಿದರೆ ಮೊತ್ತ 204288, ಬೇಕಾದದ್ದು 222222. ಕೊರತೆ. ವರ್ಗ ಮಾಡಿದ ತಕ್ಷಣ ಮಿಗತೆ. ವರ್ಗಮೂಲ ಒಂದು ಪಕ್ಷ, ವರ್ಗ ಇನ್ನೊಂದು ಪಕ್ಷ 😄

ಹರ್ಷದ್ ಸಂಖ್ಯೆ ಆಗುತ್ತಾ ಅಂತಲೂ ನೋಡಿದೆ, ದೇವಲಾಲಿಯ ಕಾಪ್ರೇಕರ್ ಹೆಸರಿಟ್ಟದ್ದು. ಅಂಕಿಗಳ ಮೊತ್ತದಿಂದ ಸಂಖ್ಯೆ ಭಾಗವಾಗಬೇಕು. ಇಲ್ಲಿ ಅಂಕಿಗಳ ಮೊತ್ತ 36. ಬೆಸ ಸಂಖ್ಯೆ 36ರಿಂದ ಎಲ್ಲಿ ಭಾಗವಾಗುತ್ತದೆ. ಫೇಲ್.

ಗುಮ್ಮಟ ನಗರಿ, ವಿಜಯಪುರ

ಗಣಿತ ಅಂದಮೇಲೆ ನಮ್ಮೂರಿನ ಭಾಸ್ಕರಾಚಾರ್ಯರನ್ನು ಬಿಟ್ಟು ಮಳಖೇಡದವರ ಬಗ್ಗೆ ಯಾಕೆ ಮಾತು? ಅವರು ವಿಜಯಪುರದವರೇ ಅಲ್ವಾ?

ತಾಳಿಕೋಟಿ ಓದುಗ

ಅದು ಅಷ್ಟು ಸಲೀಸಲ್ಲ ಅಣ್ಣಾ. ಭಾಸ್ಕರರು ತಮ್ಮ ಊರು ಸಹ್ಯಾದ್ರಿಯ ಹತ್ತಿರದ ವಿಜ್ಜಡವಿಡ ಅಂತಾರೆ. ಅದು ಬಿಜಾಪುರ ಅಂತ ಕೆಲವರ ವಾದ. ಇತ್ತ ಮಹಾರಾಷ್ಟ್ರದ ಚಾಳೀಸಗಾಂವ ಹತ್ತಿರ ಪಾಟಣದಲ್ಲಿ ಶಾಸನ ಸಿಕ್ಕಿದೆ, ಮೊಮ್ಮಗ ಚಾಂಗದೇವ 1207ರಲ್ಲಿ ಅಲ್ಲಿ ಮಠ ಮಾಡಿದ್ದು ಅದರಲ್ಲಿದೆ. ಅದಕ್ಕೇ ಆ ಕಡೆಯವರು ನಮ್ಮವರು ಅಂತಾರೆ. ಎಳೆದಾಟ ಇದ್ದದ್ದೇ. ಈ ಚರ್ಚೆಗೆ ಬೇರೆ ಎಳೆ ತೆಗೆಯೋಣ, ಇಲ್ಲಿ ಬೇಡ.

ನವನಗರ ಟೀಚರ್, ಬಾಗಲಕೋಟೆ

ಮಹಾವೀರರೂ ದೂರದವರೇನಲ್ಲ. ಅಮೋಘವರ್ಷ ನೃಪತುಂಗನ ಹೊಗಳಿಕೆಯಿಂದಲೇ ಪುಸ್ತಕ ಶುರುವಾಗುತ್ತದೆ, ಕಾಲ ಸುಮಾರು 850. ನಮ್ಮ ಪಟ್ಟದಕಲ್ಲಿನ ಜೈನ ಬಸದಿ ರಾಷ್ಟ್ರಕೂಟರದ್ದೇ, ಅದೇ ಒಂಬತ್ತನೇ ಶತಮಾನ. ಪ್ರವಾಸಕ್ಕೆ ಹೋದವರು ವಿರೂಪಾಕ್ಷ ಗುಡಿ ನೋಡಿ ಬಸ್ ಹತ್ತುತ್ತಾರೆ, ಸ್ವಲ್ಪ ಆಚೆ ಇರುವ ಬಸದಿಯತ್ತ ಯಾರೂ ಸುಳಿಯುವುದಿಲ್ಲ. ಇರಲಿ.

ನನಗೆ ಬೇಕಾದದ್ದು ಬೇರೆ. ಮಹಾವೀರರು ಈ ಸಂಖ್ಯೆಯನ್ನು ಯಾಕೆ ತಗೊಂಡರು? ಭಾಜಕಗಳ ಮೊತ್ತದ ಲೆಕ್ಕಕ್ಕಾ?

ಜಮಖಂಡಿ ಮಾಸ್ತರ್

ಅಲ್ಲ. ಅವರ ಪುಸ್ತಕ ಗಣಿತಸಾರಸಂಗ್ರಹದಲ್ಲಿ ಇದು ಗುಣಾಕಾರದ ಪಾಠದಲ್ಲಿ ಬರುತ್ತದೆ. 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದ್ದಾರೆ, ಅದರಲ್ಲಿ ನೋಡಬಹುದು. ಶಿಷ್ಯರಿಗೆ ಗುಣಿಸಲು ಲೆಕ್ಕ ಕೊಡುತ್ತಾರೆ, ಉತ್ತರ ಕೊರಳ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ಬರಬೇಕು. 27994681 × 441 ಮಾಡಿದರೆ ನಮ್ಮ 12345654321. ಒಂದರಿಂದ ಆರಕ್ಕೆ ಏರಿ ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆ ಅಂತ ಅವರೇ ವರ್ಣಿಸುತ್ತಾರೆ.

ಬೇರೆ ಹಾರಗಳೂ ಇವೆ. 139 × 109 = 15151. 152207 × 73 = 11111111. 12345679 × 9 = 111111111. 142857143 × 7 = 1000000001. ಇವು ಸುಮ್ನೆ ಕೈಗೆ ಸಿಗುವಂಥವಲ್ಲ. ಮೊದಲು ಹಾರ ಇಟ್ಟುಕೊಂಡು, ಆಮೇಲೆ ಅದನ್ನು ಒಡೆದು ಲೆಕ್ಕ ಕಟ್ಟಿರಬೇಕು. ಅಂದರೆ ಒಡೆಯುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. 441 ಅಂದರೆ 21ರ ವರ್ಗ, 27994681 ಅಂದರೆ 5291ರ ವರ್ಗ. 21ರಲ್ಲಿ 3 ಮತ್ತು 7 ಹೋದವು, 5291ರಲ್ಲಿ 11, 13, 37 ಉಳಿದವು. ಇಂಥ ಪ್ರಶ್ನೆಪತ್ರಿಕೆ ತೆಗೆಯುವವರು ಈಗ ಸಿಗುವುದು ಕಷ್ಟ ಬಿಡಿ.

ದ್ರಾಕ್ಷಿ ಲೆಕ್ಕ, ವಿಜಯಪುರ

ಎಲ್ಲ ಒತ್ತಿ ನೋಡಿದೆ, ಎಲ್ಲವೂ ಸರಿ. ಇಂಟರ್ನೆಟ್‌ನಲ್ಲಿ ಅವರದೇ ಅಂತ 333333666667 × 33 ಕೂಡ ಕಂಡೆ. ಅದಕ್ಕೆ ಮಾತ್ರ ನನ್ನ ಕ್ಯಾಲ್ಕುಲೇಟರ್ ಎಡ ಮೂಲೆಯಲ್ಲಿ ‘ಇ’ ತೋರಿಸಿ ಕೂತುಬಿಟ್ಟಿತು. ಖಾತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಕೈಯಿಂದ ಗುಣಿಸಿದೆ: 11000011000011. ಹದಿನಾಲ್ಕು ಅಂಕಿ. ಒಂಬತ್ತನೇ ಶತಮಾನದ ಮನೆಗೆಲಸಕ್ಕೆ ನಮ್ಮ ಅಂಗಡಿ ಮಷಿನ್ ಸಾಲದು!

ನವನಗರ ಟೀಚರ್, ಬಾಗಲಕೋಟೆ

ಏಳನೇ ತರಗತಿಗೆ ಇದನ್ನು ಹೇಳುವ ದಾರಿ ಹೊಳೆಯಿತು. 12321 × 1002001 ಅಂತ ಬರೆಯುವುದು. ಎರಡೂ ಹಾರಗಳೇ, 111 ಮತ್ತು 1001ರ ವರ್ಗಗಳು. ಗುಣಿಸುವುದು ಬಾಯಲ್ಲೇ ಆಗುತ್ತದೆ: 12321 ಅನ್ನು ಹತ್ತು ಲಕ್ಷದ ಜಾಗದಲ್ಲಿ ಒಮ್ಮೆ ಇಡಿ, ಸಾವಿರದ ಜಾಗದಲ್ಲಿ ಎರಡರಷ್ಟು ಮಾಡಿ 24642 ಇಡಿ, ಕೊನೆಗೆ 12321 ಇಡಿ. ಕೂಡಿದರೆ ಏರಿ ಇಳಿಯುವ ಹಾರ ತಾನಾಗೇ ಬರುತ್ತದೆ. ದಶಕ ಏರುವುದೇ ಇಲ್ಲ.

ಇದು ಒಂಬತ್ತು ಒಂದುಗಳವರೆಗೆ ನಡೆಯುತ್ತದೆ: 111111111ರ ವರ್ಗ 12345678987654321. ಹತ್ತು ಒಂದುಗಳಿಗೆ ನಡು ಸ್ಥಾನದಲ್ಲಿ ಹತ್ತು ಬಂದು ದಶಕ ಎಡಕ್ಕೆ ಜರುಗುತ್ತದೆ, 1234567900987654321 ಆಗಿ ಹಾರ ಹರಿಯುತ್ತದೆ.

ಗುಮ್ಮಟ ನಗರಿ, ವಿಜಯಪುರ

ಇದೆಲ್ಲ ಸರಿ. ಏನು ಉಪಯೋಗ ಇದರಿಂದ? ದ್ರಾಕ್ಷಿ ರೇಟು ಏರುತ್ತದಾ?

ದ್ರಾಕ್ಷಿ ಲೆಕ್ಕ, ವಿಜಯಪುರ

ರೇಟು ನನ್ನ ಕೈಯಲ್ಲಿ ಇಲ್ಲ ಅಣ್ಣಾ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ಮಾತ್ರ ನನ್ನ ಕೈಯಲ್ಲಿದೆ. ರೀಲ್ಸ್ ನೋಡುವುದಕ್ಕಿಂತ ಇದು ಮೇಲು.

ಜಮಖಂಡಿ ಮಾಸ್ತರ್

ಈಗ ನಿಜವಾದ ಸ್ವಾರಸ್ಯ ಹೇಳುತ್ತೇನೆ, ಸಮಾಧಾನದಿಂದ ಓದಿ. ಆ ಐದು ಕಂಸಗಳಲ್ಲಿ 37ರ ಕಂಸ ತೆಗೆದುಬಿಡಿ. ಉಳಿಯುವುದು 3, 7, 11, 13ರ ವರ್ಗಗಳು. ಅಂದರೆ 3003ರ ವರ್ಗ, 9018009. ಅದರ ಭಾಜಕಗಳ ಒಟ್ಟು ಮೊತ್ತ 13 × 57 × 133 × 183 = 18035199. ಪರಿಪೂರ್ಣ ಆಗಲು ಬೇಕಾದದ್ದು 18036018. ಕೊರತೆ ಎಷ್ಟು ಗೊತ್ತಾ? 819. ಒಂದು ಕೋಟಿ ಎಂಬತ್ತು ಲಕ್ಷದ ಲೆಕ್ಕದಲ್ಲಿ ಎಂಟುನೂರ ಹತ್ತೊಂಬತ್ತು ಕಡಿಮೆ! ಕೂದಲೆಳೆಯ ಅಂತರ. ಇದಕ್ಕೆ 37ರ ವರ್ಗ ಗುಣಿಸಿದ ಕೂಡಲೇ ಗಡಿ ದಾಟಿಹೋಯಿತು. ಹಾರ ಮಿಗುವುದಕ್ಕೆ ಕಾರಣ ಇದೇ.

ಈಗ ಪ್ರಶ್ನೆ. 37ರ ಬದಲು ಬೇರೆ ಯಾವುದಾದರೂ ಒಂದೇ ಅವಿಭಾಜ್ಯ ಗುಣಿಸಿ ಈ 819ರ ಕೊರತೆಯನ್ನು ಸರಿಯಾಗಿ ತುಂಬಬಹುದಾ? ಹೊಸ ಅವಿಭಾಜ್ಯ ಪ ಅನ್ನೋಣ. ಅದರ ಕಂಸ (1+ಪ). ಹಾಗಾದರೆ 18035199 × (ಪ+1) = 18036018 × ಪ ಆಗಬೇಕು. ಎರಡೂ ಕಡೆಯಿಂದ 18035199 × ಪ ತೆಗೆದರೆ, 18035199 = 819 × ಪ. ಭಾಗಿಸಿ ನೋಡಿ.

ದ್ರಾಕ್ಷಿ ಲೆಕ್ಕ, ವಿಜಯಪುರ

22021. ಶೇಷ ಇಲ್ಲ! ಮಾಸ್ತರ್ರೇ, ಹಾಗಾದರೆ ಸಿಕ್ಕಿತಾ? 9018009 × 22021 = 198585576189. ಹನ್ನೆರಡು ಅಂಕಿ, ಮಷಿನ್ ಪೂರ್ತಿ ತುಂಬಿದೆ. ಬೆಸ ಪರಿಪೂರ್ಣ ಸಂಖ್ಯೆ ಸಿಕ್ಕಿಬಿಟ್ಟಿತಾ?

ಟಿಳಕವಾಡಿ ಕೋಡರ್, ಬೆಳಗಾವಿ

ತಡೀರಿ ಅಣ್ಣಾ. 22021 ಅವಿಭಾಜ್ಯ ಹೌದಾ ನೋಡಿ. 19ರಿಂದ ಭಾಗಿಸಿ.

ದ್ರಾಕ್ಷಿ ಲೆಕ್ಕ, ವಿಜಯಪುರ

1159 ಬಂತು. ಮತ್ತೆ 19ರಿಂದ ಭಾಗಿಸಿದರೆ 61. ಅಯ್ಯೋ. 19 × 19 × 61.

ಜಮಖಂಡಿ ಮಾಸ್ತರ್

ಇದೇ ಸಂಖ್ಯೆಯನ್ನು 1638ರಲ್ಲಿ ಫ್ರಾನ್ಸಿನ ಗಣಿತಜ್ಞ ರೆನೆ ದೆಕಾರ್ತ್ ಅವರು ಮರ್ಸೆನ್ ಅವರಿಗೆ ಬರೆದ ಪತ್ರದಲ್ಲಿ ಕೊಟ್ಟರು. 22021 ಅವಿಭಾಜ್ಯ ಆಗಿದ್ದಿದ್ದರೆ ಇದು ಬೆಸ ಪರಿಪೂರ್ಣ ಆಗುತ್ತಿತ್ತು ಅಂತ. ಅದಕ್ಕೇ ಇದನ್ನು ದೆಕಾರ್ತ್ ಸಂಖ್ಯೆ ಅಂತಾರೆ.

ಪಕ್ಕಪಕ್ಕ ಇಟ್ಟು ನೋಡಿ. ಮಹಾವೀರರದ್ದು 3003ರ ವರ್ಗ × 1369. ದೆಕಾರ್ತ್ ಅವರದ್ದು ಅದೇ 3003ರ ವರ್ಗ × 22021. ಒಬ್ಬರಿಗೆ ಬೇಕಾಗಿದ್ದು ಅಂಕಿಗಳ ಚೆಲುವು, ಇನ್ನೊಬ್ಬರಿಗೆ ಭಾಜಕಗಳ ತೂಕ. ಇವರದ್ದನ್ನು ಅವರು ನೋಡಿದರು ಅಂತ ದಯವಿಟ್ಟು ಹೊಸ ಮೆಸೇಜ್ ಹುಟ್ಟಿಸಬೇಡಿ. 1001 ಅಂದರೆ 7 × 11 × 13, ಅದು ಸಣ್ಣ ಅವಿಭಾಜ್ಯಗಳ ಗುಂಪು. ಒಂದುಗಳ ಸಾಲಿನಲ್ಲಿ ಅದು ತಾನಾಗೇ ಬರುತ್ತದೆ. ಬೆಸ ಪರಿಪೂರ್ಣ ಹುಡುಕುವವರಿಗೂ ಸಣ್ಣ ಅವಿಭಾಜ್ಯಗಳೇ ಬೇಕು. ಬೇರೆ ಬೇರೆ ದಾರಿಯಲ್ಲಿ ಬಂದವರು ಒಂದೇ ಕಟ್ಟೆ ಮೇಲೆ ಕೂತ ಹಾಗಾಯಿತು, ಅಷ್ಟೇ.

ನವನಗರ ಟೀಚರ್, ಬಾಗಲಕೋಟೆ

ಹಾಗಾದರೆ ದೆಕಾರ್ತ್ ಸಂಖ್ಯೆಯ ನಿಜವಾದ ವರ್ಗೀಕರಣ ಏನು ಸರ್? ಕೊರತೆಯಾ ಮಿಗತೆಯಾ?

ಜಮಖಂಡಿ ಮಾಸ್ತರ್

22021ರ ಕಂಸವನ್ನು ಸರಿಯಾಗಿ ಬರೆಯಿರಿ. (1+19+361) × (1+61) = 381 × 62 = 23622. ಸುಳ್ಳು ಲೆಕ್ಕದಲ್ಲಿ 22022 ಇತ್ತು. ನಿಜವಾದ ಮೊತ್ತ 426027470778, ಬೇಕಾದದ್ದು 397171152378. ಮಿಗತೆ. ಎರಡೂ ಒಂದೇ ಪಟ್ಟಿಗೆ ಬಂದವು.

ಟಿಳಕವಾಡಿ ಕೋಡರ್, ಬೆಳಗಾವಿ

ನಿಜವಾದ ಬೆಸ ಪರಿಪೂರ್ಣ ಸಂಖ್ಯೆ ಇವತ್ತಿಗೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಅಂತ ಸಾಧಿಸಿದವರೂ ಇಲ್ಲ. 2012ರಲ್ಲಿ ಓಶೆಮ್ ಮತ್ತು ರಾವ್ ತೋರಿಸಿದ್ದು: ಇದ್ದರೆ ಅದು 1ರ ಮುಂದೆ 1500 ಸೊನ್ನೆ ಹಾಕಿದ್ದಕ್ಕಿಂತ ದೊಡ್ಡದು. ಅಣ್ಣನ ಕ್ಯಾಲ್ಕುಲೇಟರ್ ಬಿಡಿ, ನನ್ನ ಲ್ಯಾಪ್‌ಟಾಪಿಗೂ ಹುಡುಕಾಟ ಆಗದ ಮಾತು. ಸಮ ಪರಿಪೂರ್ಣಗಳು ಮಾತ್ರ ಸಿಗುತ್ತಲೇ ಇವೆ. 6, 28, 496, 8128, 33550336 ಅಂತ ಶುರುವಾಗಿ, 2024ರ ಹೊತ್ತಿಗೆ 52 ಗೊತ್ತಾಗಿವೆ.

ಬೆಸದಲ್ಲಿ ಸುಳ್ಳು ಪರಿಪೂರ್ಣಗಳನ್ನು (ಅವಿಭಾಜ್ಯ ಅಲ್ಲದ್ದನ್ನು ಅವಿಭಾಜ್ಯ ಅಂತ ಹಿಡಿದರೆ ಮಾತ್ರ ತಾಳೆ ಆಗುವಂಥವನ್ನು) ಹುಡುಕುವವರು ಈಗಲೂ ಇದ್ದಾರೆ. ದೆಕಾರ್ತ್ ಥರದ್ದು ಇನ್ನೊಂದು ಇವತ್ತಿಗೂ ಸಿಕ್ಕಿಲ್ಲ. ಆದರೆ 1999ರಲ್ಲಿ ಜಾನ್ ವಾಯ್ಟ್ ನಿಯಮ ಸ್ವಲ್ಪ ಸಡಿಲ ಮಾಡಿ, ಋಣ ಸಂಖ್ಯೆಯನ್ನೂ ಅವಿಭಾಜ್ಯ ಅಂತ ಒಪ್ಪಿಕೊಂಡರು. ಆಗ ಸಿಕ್ಕಿದ್ದು −22017975903. ಒಡೆದರೆ 81 × 49 × 121 × 361 × (−127). ನೋಡಿ, ಇಲ್ಲೂ 3, 7, 11 ಇವೆ. ದೆಕಾರ್ತ್ ಅವರನ್ನು ಕೆಡಿಸಿದ 19 ಇಲ್ಲಿ ಕೆಲಸಕ್ಕೆ ಬಂದಿದೆ.

ಗುಮ್ಮಟ ನಗರಿ, ವಿಜಯಪುರ

ಸಾಲವನ್ನೂ ಅವಿಭಾಜ್ಯ ಅಂತ ಲೆಕ್ಕ ಹಿಡಿದರಾ? ಇದು ನಮ್ಮ ಸಾವ್ಕಾರರು ಒಪ್ಪುವ ಖಾತೆ ಅಲ್ಲ 😂

ದ್ರಾಕ್ಷಿ ಲೆಕ್ಕ, ವಿಜಯಪುರ

ಖಾತೆ ಅಂದಮೇಲೆ ತಾಳೆ ನೋಡಲೇಬೇಕಲ್ಲ. 81ರ ಕಂಸ 1+3+9+27+81, ಅಂದರೆ 121. 49ರದ್ದು 57. 121ರದ್ದು 133. 361ರದ್ದು 381. −127ರ ಕಂಸ 1−127, ಅಂದರೆ −126. 121 × 57 = 6897. ಅದಕ್ಕೆ 133 ಗುಣಿಸಿದರೆ 917301. ಅದಕ್ಕೆ 381 ಗುಣಿಸಿದರೆ 349491681. ಅದಕ್ಕೆ −126 ಗುಣಿಸಿದರೆ −44035951806. ಈಗ −22017975903ರ ಎರಡರಷ್ಟು: −44035951806.

ಎರಡೂ ಬದಿ ತಾಳೆ ಇದೆ. ವಾಟ್ಸಾಪ್ ಗುಂಪಿಗೆ ಏನು ಬರೆಯಲಿ ಮಾಸ್ತರ್ರೇ?

ಜಮಖಂಡಿ ಮಾಸ್ತರ್

‘ಪರಿಪೂರ್ಣ’ ಅನ್ನೋದನ್ನು ಹೊಡೆದು ‘ಬೆಸ ಮಿಗತೆ ಸಂಖ್ಯೆ, 111111ರ ವರ್ಗ, 68,42,16,351 ಹೆಚ್ಚು’ ಅಂತ ಬರೆಯಿರಿ. ಮಹಾವೀರರ ಹೆಸರು ಹಾಗೇ ಇರಲಿ, ಅದು ಸರಿ ಇದೆ. ‘ಎಲ್ಲರಿಗೂ ಕಳಿಸಿ’ ತೆಗೆದುಬಿಡಿ.